ಆಸ್ಪತ್ರೆಗೆ ಗಾಡಿ ಇದೆ, ಮನೆಗೆ?

ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಂಥ ಊರಲ್ಲಿ ಸರಿರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ವಾಗಿ ಶುರುವಾದ 108 ಆಂಬುಲೆನ್ಸ್ ಅಷ್ಟರಮಟ್ಟಿಗೆ ಜನರ ಬಾಯಲ್ಲಿದೆ. ಗಾಡಿ ತಡವಾಯಿತೆಂಬ ದೂರು ಇದ್ದದ್ದೇ; ನನ್ನ ತಕರಾರು ಬೇರೆ. ನಮ್ಮ ಸರ್ಕಾರಿ ಆರೋಗ್ಯ ಸೇವೆ ಕಾಯಿಲೆಯನ್ನು ಒಂದು ದಿನದ ಅವಘಡವೆಂದೇ ತಿಳಿದಿದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಮನೆಯವರೆಗೆ ಬರುವುದು ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಾಣಂತಿಯನ್ನು ಪುಕ್ಕಟೆಯಾಗಿ ಮನೆಗೆ ಬಿಡುವ ಹೊಣೆಯನ್ನೂ ಹೊತ್ತುಕೊಂಡಿತು. ನಮ್ಮಲ್ಲಿ ಅದಕ್ಕೆಂದೇ ‘ನಗು ಮಗು’ ಗಾಡಿ ಬಂತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ತೂಕ ಹಾಕಬೇಕು, ಮೈಬಿಸಿ ನೋಡಬೇಕು, ಹೊಕ್ಕುಳು ಒಣಗಿದೆಯೇ ಎಂದು ಪರೀಕ್ಷಿಸಬೇಕು. ಇಷ್ಟು ಕರಾರುವಾಕ್ಕಾದ ವೇಳಾಪಟ್ಟಿ ಲಕ್ವ ಹೊಡೆದು, ಮಂಡ್ಯದ ಮಿಮ್ಸ್ ಆಸ್ಪತ್ರೆಯಿಂದ ಮೂತ್ರದ ಪೈಪಿನೊಡನೆ ಊರಿಗೆ ಮರಳಿದ ಅಜ್ಜನಿಗೆ ಇಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂದೆ ಚರ್ಮ ಕೆಂಪಾಗಿ, ಹುಣ್ಣಾಗುತ್ತದೆ. ಪೈಪು ಬದಲಿಸಲು ಬಾಡಿಗೆ ಕಾರೇ ಗತಿ. ‘ಶಕ್ತಿ’ಯ ಉಚಿತ ಬಸ್ಸು ಗಂಡಸರಿಗಿಲ್ಲ, ಹೆಂಗಸರಲ್ಲೂ ಎದ್ದು ಕೂರಬಲ್ಲವರಿಗೆ ಮಾತ್ರ.

108 ಟ್ಯಾಕ್ಸಿಯಲ್ಲ ಎನ್ನುವವರ ಮಾತು ನ್ಯಾಯವೇ. ಅಪಘಾತಕ್ಕೆ ಓಡಬೇಕಾದ ಗಾಡಿ ಯಾರದೋ ಡಯಾಲಿಸಿಸ್ ಮುಗಿಯಲೆಂದು ಕಾಯುತ್ತ ನಿಲ್ಲಬಾರದು. ಆದ್ದರಿಂದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಮುಂಚೆಯೇ ದಿನ ಗೊತ್ತುಮಾಡಿಕೊಂಡು ಓಡಾಡುವ ಇನ್ನೊಂದು ಗಾಡಿ ಬೇಕು. ಮನೆಯವರನ್ನು ನೋಡಿಕೊಳ್ಳುವುದು ಮನೆಯವರ ಕೆಲಸ ಎಂಬ ವಾದ ಮಾತ್ರ ಇಲ್ಲಿ ನಿಲ್ಲದು. ಈ ತಾಲ್ಲೂಕಿನವರು ಹೊಟ್ಟೆಪಾಡಿಗೆ ಎಷ್ಟು ದೂರ ಹೋಗಿದ್ದಾರೆಂಬುದು ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಮುಂಬೈನಿಂದ ವಾಪಸಾದವರನ್ನು ಕಂಡಾಗ ಇಡೀ ರಾಜ್ಯಕ್ಕೇ ತಿಳಿಯಿತು. ಊರಲ್ಲಿ ಉಳಿದದ್ದು ವಯಸ್ಸಾದ ಗಂಡನನ್ನು ಎತ್ತಲಾಗದ ವಯಸ್ಸಾದ ಹೆಂಡತಿ.

2024ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಇದೆಯಲ್ಲ ಎನ್ನಬಹುದು. ಅದು ಬಿಪಿ, ಶುಗರ್ ಪತ್ತೆಹಚ್ಚಿ ಮಾತ್ರೆ ಕೊಡುವ ಯೋಜನೆ, ಒಳ್ಳೆಯದೇ. ಹುಣ್ಣು ತೊಳೆಯುವ ಕೈ ಅದರಲ್ಲಿಲ್ಲ. ಅದನ್ನೂ ಆಶಾ ತಲೆಗೆ ಕಟ್ಟುವುದು ಅನ್ಯಾಯ, ಗೌರವಧನಕ್ಕೇ ಅವರು ಬೀದಿಗಿಳಿಯಬೇಕಾಗಿದೆ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ರೂಪಿಸಿತು. ಅಲ್ಲಿ ಗ್ರಾಮ ಪಂಚಾಯಿತಿಯೇ ಹಣ ಇಟ್ಟು, ತರಬೇತಾದ ನರ್ಸನ್ನು ಹಾಸಿಗೆ ಹಿಡಿದವರ ಮನೆಗೆ ಕಳಿಸುತ್ತದೆ. ನಮ್ಮ ಪಂಚಾಯಿತಿಗಳ ಕ್ರಿಯಾಯೋಜನೆಯಲ್ಲಿ ಚರಂಡಿ, ಬೀದಿದೀಪದ ಪಕ್ಕ ಆ ನರ್ಸಿನ ಸಂಬಳಕ್ಕೂ ಒಂದು ಸಾಲು ಬರೆಯಲು ಅಡ್ಡಿಯೇನು ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಬೇಕು.