ಮಸೆಯದ ಚಾಕುಗಳ ಲೆಕ್ಕ

ಜಪಾನಿನ ಸಾಂಪ್ರದಾಯಿಕ ಅಡುಗೆಮನೆಯಲ್ಲಿ ಪಳಗಿದ ಬಾಣಸಿಗನ ಕೆಲಸವೆಲ್ಲ ಬಹುಮಟ್ಟಿಗೆ ಮೂರು ಚಾಕುಗಳಲ್ಲಿ ಮುಗಿಯುತ್ತದೆ. ಮೀನಿನ ತಲೆ ತೆಗೆದು ಮುಳ್ಳಿನಿಂದ ಮಾಂಸ ಬಿಡಿಸಲು ದಪ್ಪ ಬೆನ್ನಿನ ದೇಬಾ, ಬಿಡಿಸಿದ್ದನ್ನು ಒಂದೇ ಎಳೆತಕ್ಕೆ ತೆಳ್ಳಗೆ ಕೊಯ್ಯಲು ಉದ್ದನೆಯ ಯಾನಾಗಿಬಾ, ತರಕಾರಿಗೆ ಉಸುಬಾ. ಅದೇ ಜಪಾನಿನ ಚಾಕುಗಳ ಮೋಹ ಹತ್ತಿದ ಹವ್ಯಾಸಿಯ ಮನೆಗೆ ಹೋದರೆ ಗೋಡೆಯ ಕಾಂತಪಟ್ಟಿಯಲ್ಲಿ ಹತ್ತಾರು, ಕಪಾಟಿನೊಳಗೆ ಪೆಟ್ಟಿಗೆ ಬಿಚ್ಚದವು ಇನ್ನಷ್ಟು. ಅವನು ಅಡುಗೆ ಮಾಡುವುದು ನಾಲ್ಕು ಜನಕ್ಕೆ, ಅದೂ ರಜಾ ದಿನಗಳಲ್ಲಿ. ಇಂಥ ಸಂಗ್ರಹವನ್ನು ಇಳಿಸಲು ಹೊರಟವರು ಈಗ ಕಡಿಮೆಯೇನಿಲ್ಲ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಇಷ್ಟೆಲ್ಲ ಹಣ ಹೋದದ್ದಾದರೂ ಎಲ್ಲಿಗೆ ಎಂಬುದನ್ನು ಚಾಕುಗಳ ಮೇಲಿನ ಪ್ರೀತಿಯಿಂದಲೇ ಕೇಳಿಕೊಳ್ಳಬೇಕಾಗಿದೆ.

ಮೊದಲ ಚಾಕು ಯಾರ ಮನೆಯಲ್ಲೂ ಶೋಕಿಯಾಗಿ ಬಂದಿರುವುದಿಲ್ಲ. ಟೊಮೆಟೊ ಹೆಚ್ಚಲು ಹೋದರೆ ಸಿಪ್ಪೆ ಜಾರಿ ತಿರುಳು ಜಜ್ಜಿಹೋಗುವ ಮೊಂಡು ಚಾಕುವಿನಿಂದ ಬೇಸತ್ತವರು 210 ಮಿಲಿಮೀಟರಿನ ಒಂದು ಗ್ಯೂತೊ ಕೊಳ್ಳುತ್ತಾರೆ. ಪಾಶ್ಚಾತ್ಯ ಬಾಣಸಿಗರ ಚಾಕುವನ್ನು ಜಪಾನೀಯರು ತಮ್ಮ ಕೈಗೆ ಒಗ್ಗಿಸಿಕೊಂಡ ರೂಪ ಅದು. ಈರುಳ್ಳಿಯೊಳಗೆ ಅಲಗು ಸದ್ದಿಲ್ಲದೆ ಇಳಿದಾಗ ಆಗುವ ಸಂತೋಷ ನಿಜವಾದದ್ದು, ಅದಕ್ಕೆ ಕಾರಣವೂ ಇದೆ. ಜರ್ಮನಿಯ ಸೋಲಿಂಗನ್ ಚಾಕುಗಳ ಉಕ್ಕು ರಾಕ್‌ವೆಲ್ ಮಾಪನದಲ್ಲಿ 56ರಿಂದ 58ರಷ್ಟು ಗಟ್ಟಿ. ಜಪಾನಿನವು 60 ದಾಟಿ 64ರವರೆಗೂ ಹೋಗುತ್ತವೆ. ಉಕ್ಕು ಗಟ್ಟಿಯಾದಷ್ಟೂ ಅಂಚನ್ನು ತೆಳ್ಳಗೆ ಮಸೆಯಬಹುದು, ಮಸೆದ ಅಂಚು ಮಡಚಿಕೊಳ್ಳದೆ ನಿಲ್ಲುತ್ತದೆ.

ತೊಡಕು ಶುರುವಾಗುವುದು ಎರಡನೆಯ ಚಾಕುವಿನಲ್ಲಿ. ಶಿಮಾನೆ ಪ್ರಾಂತ್ಯದ ಯಾಸುಗಿ ಊರಿನಲ್ಲಿ ತಯಾರಾಗುವ ಚಾಕು ಉಕ್ಕಿಗೆ ಅದನ್ನು ಸುತ್ತಿ ಕಳಿಸುತ್ತಿದ್ದ ಕಾಗದದ ಬಣ್ಣವೇ ಹೆಸರಾಗಿ ನಿಂತಿದೆ. ಆ ಕಾರ್ಖಾನೆ ದೀರ್ಘಕಾಲ ಹಿಟಾಚಿ ಮೆಟಲ್ಸ್ ಕೈಯಲ್ಲಿತ್ತು. ಆ ಕಂಪನಿಗೆ 2023ರಿಂದ ಪ್ರೊಟೀರಿಯಲ್ ಎಂಬ ಹೆಸರು. ಬಿಳಿ ಕಾಗದದ ಎರಡನೇ ನಂಬರಿನ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1.1, ಒಂದನೇ ನಂಬರಿನಲ್ಲಿ ಸುಮಾರು ಶೇ. 1.3. ಇದಕ್ಕೇ ಸ್ವಲ್ಪ ಕ್ರೋಮಿಯಂ, ಟಂಗ್‌ಸ್ಟನ್ ಬೆರೆಸಿದರೆ ನೀಲಿ ಕಾಗದದ ಉಕ್ಕು. ಹರಿತ ಇನ್ನಷ್ಟು ದಿನ ಬಾಳುತ್ತದೆ. ಅದರ ಮೇಲೆ ಮಾಲಿಬ್ಡಿನಂ, ವೆನೇಡಿಯಂ ಸೇರಿದರೆ ನೀಲಿ ಸೂಪರ್. ತುಕ್ಕು ಬೇಡವೆಂದವರಿಗೆ ತಾಕೆಫು ಕಂಪನಿಯ ವಿಜಿ-10, ಅದಕ್ಕೂ ಮೇಲೆ ಪುಡಿಲೋಹದಿಂದ ಮಾಡಿದ ಎಸ್‌ಜಿ-2. ಹವ್ಯಾಸಿಗೆ ಒಂದೊಂದು ಉಕ್ಕೂ ಒಂದೊಂದು ಪ್ರಶ್ನೆ. ಬಿಳಿಯದೇ ಇಷ್ಟು ಚೆನ್ನಾಗಿದ್ದರೆ ನೀಲಿಯದು ಹೇಗಿರಬಹುದು? 210ರ ಬದಲು 240 ಆದರೆ? ಬೇರೆ ಕಮ್ಮಾರನ ಕೈಯದ್ದಾದರೆ?

ಈ ವ್ಯತ್ಯಾಸಗಳು ಸುಳ್ಳಲ್ಲ. ಆದರೆ ಬಿಳಿ ಎರಡಕ್ಕೂ ನೀಲಿ ಎರಡಕ್ಕೂ ಇರುವ ಭೇದ ಕ್ಯಾರೆಟ್ ಹೆಚ್ಚುವಾಗ ತಿಳಿಯುವುದು ಅತ್ಯಲ್ಪ. ಅದು ತಿಳಿಯುವುದು ಮಸೆಗಲ್ಲಿನ ಮೇಲೆ. ಬಿಳಿ ಉಕ್ಕು ಕಲ್ಲಿಗೆ ಬೇಗ ಒಲಿಯುತ್ತದೆ, ನಾಲ್ಕಾರು ಎಳೆತಕ್ಕೆ ಅಂಚಿನಲ್ಲಿ ಬಿರುಬು ಎದ್ದು ಬೆರಳಿಗೆ ಸಿಗುತ್ತದೆ. ನೀಲಿಯದು ಸ್ವಲ್ಪ ಜಿಗುಟು, ಇನ್ನಷ್ಟು ಹೊತ್ತು ಕೇಳುತ್ತದೆ. ಪುಡಿಲೋಹದ್ದಂತೂ ಸಾಮಾನ್ಯ ಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಚಾಕುಗಳನ್ನು ತಾನೇ ಮಸೆಯದವನ ಕೈಯಲ್ಲಿ ಈ ಐದೂ ಉಕ್ಕುಗಳು ಕೆಲ ತಿಂಗಳಲ್ಲಿ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ: ಐದೂ ಮೊಂಡು. ಆಗ ಆರನೆಯದನ್ನು ಕೊಳ್ಳುವ ಆಸೆ ಹುಟ್ಟುತ್ತದೆ, ಏಕೆಂದರೆ ಹೊಸ ಚಾಕು ಅಂಗಡಿಯಿಂದ ಹರಿತವಾಗಿಯೇ ಬರುತ್ತದೆ. ಹವ್ಯಾಸದ ಖರ್ಚಿನ ದೊಡ್ಡ ಭಾಗ ಹೀಗೆ, ಕಲಿಯದೆ ಉಳಿದ ಒಂದು ಕೈಕೆಲಸಕ್ಕೆ ತೆತ್ತ ಬೆಲೆ.

ಮೊಂಡಾಗದ ಉಕ್ಕು ಎಂಬುದಿಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕ್ಷೌರದ ಬ್ಲೇಡಿನ ಅಂಚು ಕೂದಲಿಗೆ ತಾಗಿ ಹೇಗೆ ಚಕ್ಕೆ ಏಳುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದು ತೋರಿಸಿತು. ಕೂದಲು ಆ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಅದು ಬಾಗಿದ ಕೋನ, ಅಂಚಿನಲ್ಲಿ ಮೊದಲೇ ಇದ್ದ ಸಣ್ಣ ಕೊರತೆ, ಉಕ್ಕಿನ ಒಳರಚನೆಯ ಏರುಪೇರು ಮೂರೂ ಒಟ್ಟಿಗೆ ಬಂದಲ್ಲಿ ಚಕ್ಕೆ ಹಾರುತ್ತದೆ. ಕೂದಲಿಗೇ ಸೋಲುವ ಅಂಚು ಕತ್ತರಿಸುವ ಹಲಗೆಗೆ ಸೋಲದೆ ಇರುತ್ತದೆಯೇ?

ಇಷ್ಟು ಹೇಳಿದ ಮಾತ್ರಕ್ಕೆ ದುಬಾರಿ ಚಾಕುಗಳ ಬೆಲೆ ಸುಳ್ಳೆಂದು ತೀರ್ಮಾನಿಸುವುದು ಅನ್ಯಾಯ. ಒಸಾಕಾದ ಪಕ್ಕದ ಸಕಾಯ್ ಪಟ್ಟಣವನ್ನು ನೋಡಬೇಕು. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಹೊಗೆಸೊಪ್ಪು ಜಪಾನಿಗೆ ಬಂದಾಗ ಅದನ್ನು ಎಳೆಎಳೆಯಾಗಿ ಕತ್ತರಿಸುವ ಚಾಕುಗಳಿಗೆ ಹೆಸರಾದ ಊರು ಇದು. ಎದೋ ಕಾಲದ ಶೋಗನ್ ಆಡಳಿತ ಅವುಗಳಿಗೆ ತನ್ನ ಮುದ್ರೆಯನ್ನೇ ಕೊಟ್ಟಿತ್ತು. ಇಲ್ಲಿ ಇಂದಿಗೂ ಒಂದು ಚಾಕು ಒಬ್ಬರ ಕೈಯಲ್ಲಿ ಪೂರ್ತಿಯಾಗುವುದಿಲ್ಲ. ಕಮ್ಮಾರನು ಕುಲುಮೆಯಲ್ಲಿ ಮೆದು ಕಬ್ಬಿಣದ ಮೇಲೆ ಗಟ್ಟಿ ಉಕ್ಕಿನ ಪಟ್ಟಿಯಿಟ್ಟು ಬಡಿದು ಬೆಸೆಯುತ್ತಾನೆ, ಕಾಸಿ ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡುತ್ತಾನೆ. ಅಲ್ಲಿಂದ ಅದು ಮಸೆಯುವವನ ಕೊಟ್ಟಿಗೆಗೆ ಹೋಗುತ್ತದೆ. ತಿರುಗುವ ದೊಡ್ಡ ಕಲ್ಲುಗಳ ಮುಂದೆ ಕೂತು ಅಲಗಿಗೆ ಅಲಗಿನ ರೂಪ ಕೊಡುವವನು ಅವನು. ಚಾಕು ಎಷ್ಟು ಚೆನ್ನಾಗಿ ಕತ್ತರಿಸುತ್ತದೆ ಎಂಬುದು ಕಮ್ಮಾರನಷ್ಟೇ ಅವನನ್ನೂ ನೆಚ್ಚಿದೆ. ಕೊನೆಗೆ ಹಿಡಿ ಕೂರಿಸುವವನು ಅಲಗಿನ ಬಾಲವನ್ನು ಕಾಸಿ ಮ್ಯಾಗ್ನೋಲಿಯಾ ಮರದ ಹಿಡಿಗೆ ಇಳಿಸುತ್ತಾನೆ. ಹಿಡಿಯ ಕೊರಳಿಗೆ ಎಮ್ಮೆಕೊಂಬಿನ ಉಂಗುರ. ಇಷ್ಟು ಜನರ ವರ್ಷಗಳ ಪಳಗಿಕೆಗೆ 20,000 ಯೆನ್, ಅಂದರೆ ಹತ್ತು ಹನ್ನೆರಡು ಸಾವಿರ ರೂಪಾಯಿ, ಹೆಚ್ಚೇನಲ್ಲ.

ಹೊನ್‌ಯಾಕಿ ಎಂಬ ಬಗೆಯ ಚಾಕುವಿನ ಕಥೆ ಬೇರೆ. ಇಡೀ ಅಲಗು ಒಂದೇ ಗಟ್ಟಿ ಉಕ್ಕು. ಬೆನ್ನಿಗೆ ಮಣ್ಣು ಮೆತ್ತಿ, ಕಾಸಿ, ನೀರಿಗೆ ಅದ್ದುತ್ತಾರೆ. ಆ ಕ್ಷಣದಲ್ಲೇ ಬಿರುಕು ಬಿಟ್ಟು ದಿನಗಳ ಕೆಲಸ ವ್ಯರ್ಥವಾಗುವುದುಂಟು. ಒಡೆದುಹೋದವುಗಳ ಖರ್ಚನ್ನೂ ಉಳಿದದ್ದು ಹೊರಬೇಕು. ಹಾಗಾಗಿ ಬೆಲೆ ಸಲೀಸಾಗಿ ಲಕ್ಷ ಯೆನ್ ದಾಟುತ್ತದೆ. ಅದರ ಮೇಲೆ ಮೂಡುವ ಅಲೆಗೆರೆಯನ್ನು ನೋಡುತ್ತ ಕೂತರೆ ಕಣ್ಣು ಕೀಳಲಾಗದು. ಆದರೆ ಮನೆಯಲ್ಲಿ ಮಸೆಯುವವನಿಗೆ ಇದರಷ್ಟು ಕಷ್ಟ ಕೊಡುವ ಚಾಕು ಇನ್ನೊಂದಿಲ್ಲ. ಕಲ್ಲಿಗೆ ಸುಲಭವಾಗಿ ಸವೆಯುವ ಮೆದು ಕಬ್ಬಿಣ ಇಲ್ಲಿ ಇಲ್ಲವೇ ಇಲ್ಲ.

ಸಂಗ್ರಹಕಾರರು ಗಮನಿಸಬೇಕಾದ ಇನ್ನೊಂದು ಸಂಗತಿ ಸಕಾಯ್‌ನಲ್ಲಿದೆ. ಅಲಗಿನ ಮೇಲೆ ಕೆತ್ತಿದ ಹೆಸರು ಬಹಳ ಸಲ ಕಮ್ಮಾರನದ್ದಲ್ಲ, ಸಗಟು ವ್ಯಾಪಾರಿಯದ್ದು. ಒಬ್ಬನೇ ಕಮ್ಮಾರ ಹಲವು ವ್ಯಾಪಾರಿಗಳಿಗೆ ಅಲಗು ಬಡಿದುಕೊಡುತ್ತಾನೆ. ಅವು ಬೇರೆ ಬೇರೆ ಹೆಸರು, ಹಿಡಿ, ಬೆಲೆ ಹೊತ್ತು ಹೊರಡುತ್ತವೆ. ಮೂರು ಬ್ರ್ಯಾಂಡಿನ ಮೂರು ಚಾಕು ಕೊಂಡವರ ಮನೆಯಲ್ಲಿ ಒಬ್ಬನದೇ ಕೈಕೆಲಸ ಮೂರು ಸಲ ಬಂದು ಕೂತಿರಬಹುದು. ಇಳಿಸಲು ಹೊರಟಾಗ ಮೊದಲು ಹುಡುಕಬೇಕಾದದ್ದು ಇಂಥ ಪುನರಾವರ್ತನೆಯನ್ನೇ.

ಆದರೂ ಕೈ ಬಿಡುವುದಿಲ್ಲ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪ್ರಯೋಗವೇ ಇದೆ. ಡೇನಿಯಲ್ ಕಾನ್‌ಮನ್, ಜ್ಯಾಕ್ ಕ್ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ತರಗತಿಯಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು. ಸಿಕ್ಕವರು ಸಾಮಾನ್ಯವಾಗಿ 5 ಡಾಲರಿಗಿಂತ ಕೆಳಗೆ ಬಿಡಲು ಒಪ್ಪಲಿಲ್ಲ, ಸಿಗದವರು 3 ಡಾಲರಿನ ಒಳಗೇ ನಿಂತರು. ಮಗ್ ಕೈಗೆ ಬಂದು ಕೆಲವೇ ನಿಮಿಷಗಳಾಗಿದ್ದವು. ತಿಂಗಳುಗಟ್ಟಲೆ ಕಾದು, ಜಪಾನಿನಿಂದ ತರಿಸಿ, ಸುಂಕ ಕಟ್ಟಿ ಪಡೆದ ಚಾಕುವಿನ ವಿಷಯದಲ್ಲಿ ಈ ಅಂತರ ಎಷ್ಟು ಹಿಗ್ಗಬಹುದೆಂದು ಊಹಿಸಬಹುದು. ಒಂದೆರಡು ಸಲ ಮಸೆದ ಚಾಕುವಿಗೆ ಕೊಂಡ ಬೆಲೆ ಮರಳುವುದು ಅಪರೂಪ, ಮಾರುವವನ ಮನಸ್ಸು ಮಾತ್ರ ಕೊಂಡ ಬೆಲೆಯಲ್ಲೇ ನಿಂತಿರುತ್ತದೆ.

ಖರ್ಚು ಚಾಕುವಿಗೇ ನಿಲ್ಲುವುದೂ ಇಲ್ಲ. ಫ್ರೆಂಚ್ ಲೇಖಕ ದೆನಿ ದಿದರೋ 1769ರ ಸುಮಾರಿಗೆ ಬರೆದ ಪ್ರಬಂಧವೊಂದರಲ್ಲಿ ಹೊಸ ನಿಲುವಂಗಿಯೊಂದು ಮನೆಗೆ ಬಂದ ಮೇಲೆ ಹಳೆಯ ಕುರ್ಚಿ, ಮೇಜು ಎಲ್ಲ ಬಡವಾಗಿ ಕಂಡು, ಒಂದೊಂದನ್ನೂ ಬದಲಿಸುತ್ತ ಹೋದ ಕಥೆ ಇದೆ. ಗ್ರಾಂಟ್ ಮೆಕ್‌ಕ್ರಾಕನ್ ಎಂಬ ಮಾನವಶಾಸ್ತ್ರಜ್ಞ 1988ರಲ್ಲಿ ಈ ಬಗೆಯ ಸರಣಿ ಖರೀದಿಗೆ ದಿದರೋನ ಹೆಸರನ್ನೇ ಇಟ್ಟ. ಒಳ್ಳೆಯ ಚಾಕು ಬಂದರೆ ಅದಕ್ಕೆ ತಕ್ಕ ಹಿನೋಕಿ ಮರದ ಹಲಗೆ, ಹಲಗೆಯ ಮೇಲೆ ವಾಲ್‌ನಟ್ ಮರದ ಕಾಂತಪಟ್ಟಿ, ಆಮೇಲೆ ಕ್ಯೋಟೊದ ಬೆಟ್ಟಗಳಿಂದ ತೆಗೆದ ನೈಸರ್ಗಿಕ ಮಸೆಗಲ್ಲು. ಆ ಗಣಿಗಳಲ್ಲಿ ಬಹುಪಾಲು ಮುಚ್ಚಿಹೋಗಿರುವುದರಿಂದ ಒಳ್ಳೆಯ ಕಲ್ಲಿನ ಬೆಲೆ ಚಾಕುವಿನ ಬೆಲೆಯನ್ನೇ ಮೀರುತ್ತದೆ.

ಇದೆಲ್ಲ ಹೂಡಿಕೆ ಎಂದು ಸಮರ್ಥಿಸುವವರಿದ್ದಾರೆ. ಅವರು ಕೊಡುವ ಉದಾಹರಣೆ ಕ್ಯಾಲಿಫೋರ್ನಿಯಾದ ಬಾಬ್ ಲವ್‌ಲೆಸ್. 2010ರಲ್ಲಿ ತೀರಿಕೊಂಡ ಲವ್‌ಲೆಸ್ ಮಾಡಿದ ಬೇಟೆ ಚಾಕುಗಳು ಅವನು ಮಾರಿದ ಬೆಲೆಯ ಎಷ್ಟೋ ಪಟ್ಟಿಗೆ ಇಂದು ಕೈ ಬದಲಾಯಿಸುತ್ತವೆ. ಆದರೆ ಅವನಂಥವರು ಒಂದು ಪೀಳಿಗೆಗೆ ಬೆರಳೆಣಿಕೆಯಷ್ಟು. ಆ ಬೆಲೆ ಸಿಗುವುದು ಮಸೆಯದೆ, ಬಳಸದೆ, ಹೊಸದರಂತೆ ಉಳಿದ ಚಾಕುವಿಗೆ. ಬೇಟೆಗಾರನ ಸೊಂಟದಲ್ಲಿ ದುಡಿಯಲೆಂದು ರೂಪಿಸಿದ ಅಲಗು ಬೀರುವಿನಲ್ಲೇ ಇದ್ದರೆ ಮಾತ್ರ ಲಾಭ ಎನ್ನುವುದು ಚಾಕು ಪ್ರೀತಿಸುವವರಿಗೆ ಹಿತವಾದ ಲೆಕ್ಕವಲ್ಲ.

ಹಾಗಾದರೆ ಹೆಚ್ಚು ಚಾಕು ಇರುವುದೇ ತಪ್ಪೇ? ಜೂಲಿಯಾ ಚೈಲ್ಡ್ ಅಡುಗೆಮನೆಯನ್ನು ಕಂಡವರು ಹಾಗೆನ್ನಲಾರರು. ಅಮೆರಿಕನ್ನರಿಗೆ ಟಿವಿಯಲ್ಲಿ ಫ್ರೆಂಚ್ ಅಡುಗೆ ಕಲಿಸಿದ ಈಕೆ 2001ರಲ್ಲಿ, 89ರ ವಯಸ್ಸಿನಲ್ಲಿ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನ ಮನೆ ಬಿಟ್ಟು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾಕ್ಕೆ ಹೊರಟಾಗ ಇಡೀ ಅಡುಗೆಮನೆಯನ್ನು ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ಗಂಡ ಪಾಲ್ ಆಕೆಯ ಎತ್ತರಕ್ಕೆ ತಕ್ಕಂತೆ ಏರಿಸಿ ಕಟ್ಟಿಸಿದ ಕಟ್ಟೆ, ಗೋಡೆಯಲ್ಲಿ ಪ್ರತಿ ಬಾಣಲೆಗೂ ಬರೆದ ಆಕಾರ, ಕಾಂತಪಟ್ಟಿಗೆ ಅಂಟಿದ ಚಾಕುಗಳ ಸಾಲು, ಎಲ್ಲವನ್ನೂ ಇದ್ದಂತೆಯೇ ವಾಷಿಂಗ್ಟನ್‌ನಲ್ಲಿ ಜೋಡಿಸಿಟ್ಟಿದ್ದಾರೆ. ಅಲ್ಲಿ ಚಾಕುಗಳು ಬಹಳ ಇವೆ. ಅವು ದಶಕಗಳ ಕಾಲ ದುಡಿದ ಅಡುಗೆಮನೆಯ ಚಾಕುಗಳು. ಸಂಖ್ಯೆಯ ಮೇಲೆ ಮುನಿಸಿಕೊಳ್ಳಬೇಕಾಗಿಲ್ಲ.

ಕನ್ನಡದ ಅಡುಗೆಮನೆಗೆ ಈ ಚಾಕುಗಳನ್ನು ತಂದವರಿಗೆ ಬೇರೆಯದೇ ಪರೀಕ್ಷೆ ಕಾದಿರುತ್ತದೆ. ಈಳಿಗೆ ಮಣೆಯಲ್ಲಿ, ಕರಾವಳಿಯ ಮೆಟ್ಟುಕತ್ತಿಯಲ್ಲಿ ಅಲಗು ಸ್ಥಿರ, ತರಕಾರಿ ಎರಡೂ ಕೈಯಲ್ಲಿ; ಸುವರ್ಣಗಡ್ಡೆಯಂಥ ಗಟ್ಟಿ ಗಡ್ಡೆಗೂ ಕುಂಬಳಕಾಯಿಗೂ ಅದು ಅಳುಕುವುದಿಲ್ಲ. ಗ್ಯೂತೊವಿನ ತೆಳು ಅಂಚನ್ನು ತೆಂಗಿನ ಚಿಪ್ಪಿಗೋ ಕುರಿಯ ಮೂಳೆಗೋ ಹಾಕಿದರೆ ಹಲ್ಲು ಬೀಳುತ್ತದೆ. ಬಾಳೆಕಾಯಿಯ ಕಲೆ, ಮಾವಿನಕಾಯಿಯ ಹುಳಿ ಇಂಗಾಲದ ಉಕ್ಕನ್ನು ನಿಮಿಷಗಳಲ್ಲಿ ಕಪ್ಪಾಗಿಸುತ್ತವೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಮರದ ಒರೆಯೊಳಗೆ ಇಟ್ಟು ಮರೆತ ಚಾಕುವಿಗೆ ಎಣ್ಣೆ ಸವರದಿದ್ದರೆ ತುಕ್ಕು ಖಚಿತ. ಇಲ್ಲಿ ಬಳಸದೆ ಇಟ್ಟ ಚಾಕು ಸುಮ್ಮನೆ ಇರುವುದಿಲ್ಲ, ಕೆಡುತ್ತದೆ.

ಇಳಿಸುವವರು ಬೆಲೆಯ ಕ್ರಮದಲ್ಲಿ ಶುರು ಮಾಡುತ್ತಾರೆ. ಅದು ತಪ್ಪು ದಾರಿ. ಕಳೆದ ವರ್ಷದಲ್ಲಿ ಕಲ್ಲಿಗೆ ತಾಗಿದ್ದು ಯಾವುದು ಎಂದು ನೋಡಬೇಕು. ಮಸೆದಿಲ್ಲವೆಂದರೆ ಮೊಂಡಾಗುವಷ್ಟು ಬಳಸಿಲ್ಲ, ಅಥವಾ ಮೊಂಡಾದರೂ ಅದನ್ನು ಬಯಸಿಲ್ಲ. ಬಹುಪಾಲು ಮನೆಗೆ 210 ಅಥವಾ 240ರ ಒಂದು ಗ್ಯೂತೊ, 150ರ ಒಂದು ಸಣ್ಣ ಚಾಕು, ಒರಟು ಕೆಲಸಕ್ಕೆ ಅಂಜಿಕೆಯಿಲ್ಲದೆ ಬಳಸುವ ಒಂದು ಭಾರದ ಕತ್ತಿ ಸಾಕು. ಮನಸ್ಸಿಗೆ ಹಿಡಿಸಿದ ಇನ್ನೊಂದನ್ನು ಚೆಲುವಿಗಾಗಿಯೇ ಇಟ್ಟುಕೊಂಡರೂ ತಪ್ಪಿಲ್ಲ, ಕೆಲಸ ನಿಲ್ಲಿಸಿದ ಕಮ್ಮಾರನದ್ದಾದರೆ ಇಟ್ಟುಕೊಳ್ಳಲೇಬೇಕು. ಮೊದಲು ಹೊರಡಬೇಕಾದವು ನಡುವಿನವು: ಹೆಚ್ಚೂಕಡಿಮೆ ಒಂದೇ ಉದ್ದದ, ಒಂದೇ ಕೆಲಸದ, ಮೈಮೇಲೆ ಅಲೆಅಲೆ ಚಿತ್ತಾರದ ವಿಜಿ-10ಗಳು. ಅವಕ್ಕೆ ಕೊಳ್ಳುವವರೂ ಬೇಗ ಸಿಗುತ್ತಾರೆ.

ಮಾರುವಾಗ ಅಲಗಿನ ಈಗಿನ ಉದ್ದವನ್ನು ಅಳೆದು ಹೇಳಬೇಕು. 240 ಎಂದು ಕೊಂಡದ್ದು ಮಸೆಮಸೆದು ಕೆಲವು ಮಿಲಿಮೀಟರ್ ಕಳೆದುಕೊಂಡಿರುತ್ತದೆ. ಚಕ್ಕೆ ಎದ್ದ ಜಾಗವನ್ನೂ ಬೆನ್ನಿನ ಬಾಗನ್ನೂ ಬೆಳಕಿಗೆ ಹಿಡಿದು ಚಿತ್ರ ತೆಗೆದು ಕೊಡುವುದು ಮರ್ಯಾದೆ. ಬಂದ ಹಣದ ಮೊದಲ ಪಾಲು ಇನ್ನೊಂದು ಚಾಕುವಿಗೆ ಹೋಗದೆ 1000 ಮತ್ತು 6000 ನಂಬರಿನ ಜೋಡಿಕಲ್ಲಿಗೆ ಹೋಗಲಿ. ಕಿಂಗ್ ಹೆಸರಿನ ಅಂಥ ಕಲ್ಲು ಒಂದು ಸಾಧಾರಣ ಗ್ಯೂತೊವಿನ ಬೆಲೆಯ ಸಣ್ಣ ಭಾಗಕ್ಕೆ ಸಿಗುತ್ತದೆ. ಮಾರಲು ಮನಸ್ಸೊಪ್ಪದ ಒಂದೆರಡಕ್ಕೆ ಇನ್ನೊಂದು ದಾರಿಯಿದೆ. ಹೋಟೆಲ್ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ ಹೊಸಬರಿಗೆ ಮೊದಲ ಸಂಬಳದಲ್ಲಿ ಇಂಥ ಚಾಕು ಎಟುಕುವುದಿಲ್ಲ, ಅವರ ಕೈಯಲ್ಲಿ ಅದು ದಿನವಿಡೀ ದುಡಿಯುತ್ತದೆ. ಹಾಗೆ ಕೊಡುವವರು ತಮ್ಮ ಹಳೆಯ ಕಲ್ಲನ್ನೂ ಜೊತೆಗೆ ಕೊಡಬೇಕು, ಅದರ ನಡು ಸವೆದು ತಗ್ಗಾಗಿದ್ದರೆ ಮೊದಲು ಉಜ್ಜಿ ಮಟ್ಟ ಮಾಡಿ.