ಸ್ಟಾಲ್‌ಮನ್ ಹೇಳಿದ ಕಣಿ

ಫ್ರೀ ಸಾಫ್ಟ್‌ವೇರ್ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್‌ಮನ್ ಅವರ ‘ದಿ ರೈಟ್ ಟು ರೀಡ್’ ಕಥೆಯನ್ನು ಯಾರೇ ಹೊಗಳಲಿ, ಎರಡನೇ ಪ್ಯಾರಾ ಮುಗಿಯುವುದರೊಳಗೆ ಕಿಂಡಲ್ ಬಂದೇ ಬರುತ್ತದೆ. ಕಥೆ ಅಚ್ಚಾದದ್ದು 1997ರ ಫೆಬ್ರುವರಿಯಲ್ಲಿ, ‘ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ’ ಎಂಬ ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯಲ್ಲಿ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ಗ್ರಾಹಕರು ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ ಹಾಗೂ ‘ಅನಿಮಲ್ ಫಾರ್ಮ್’ ಪುಸ್ತಕಗಳನ್ನು ಹೇಳದೆ ಕೇಳದೆ ಅವರ ಕಿಂಡಲ್‌ಗಳಿಂದ ಅಳಿಸಿಹಾಕಿತು. ನೋಡಿ, ಹನ್ನೆರಡು ವರ್ಷ ಮೊದಲೇ ಆ ಮನುಷ್ಯ ಕಣಿ ಹೇಳಿದ್ದರಲ್ಲ ಎಂದು ಎಲ್ಲರೂ ತಲೆದೂಗಿದರು, ಈಗಲೂ ತೂಗುತ್ತಿದ್ದಾರೆ. ತೊಂದರೆ ಇಷ್ಟೇ: ಕಥೆಯಲ್ಲಿ ಯಾರ ಪುಸ್ತಕವೂ ಅಳಿಸಿಹೋಗುವುದಿಲ್ಲ. ಮಾರಿದವನೇ ಬಂದು ಪುಸ್ತಕ ಕಿತ್ತುಕೊಳ್ಳುವ ಪ್ರಸಂಗವೇ ಅಲ್ಲಿಲ್ಲ. ಹೊಗಳುವವರಲ್ಲಿ ಅರ್ಧಕ್ಕರ್ಧ ಮಂದಿ ಕಥೆಯ ಹೆಸರನ್ನು ಓದಿದ್ದಾರೆ, ಕಥೆಯನ್ನಲ್ಲ ಎಂಬ ಅನುಮಾನ ನನಗೆ ಬಹಳ ಕಾಲದಿಂದ ಇದೆ.

ಸ್ಟಾಲ್‌ಮನ್ ಯಾರು, ಗ್ನೂ ಯೋಜನೆ ಏಕೆ ಹುಟ್ಟಿತು, ಎಂಐಟಿಯ ಆ ಪ್ರಿಂಟರ್ ಏನು ಮಾಡಿತು, 2019ರಲ್ಲಿ ಅವರು ಹುದ್ದೆಗಳನ್ನು ಬಿಟ್ಟದ್ದೇಕೆ, 2021ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನಿನ ಮಂಡಳಿಗೆ ಮರಳಿದ್ದು ಹೇಗೆ, ಇದೆಲ್ಲ ಇಲ್ಲಿ ಮತ್ತೆ ಹೇಳಬೇಕಾದ್ದಲ್ಲ. ಮೊಬೈಲ್‌ನಿಂದ ಹಿಡಿದು ಯುದ್ಧದವರೆಗೆ ಅವರು ಅಭಿಪ್ರಾಯ ಹೇಳದ ವಿಷಯವಿಲ್ಲ. ಅವುಗಳಲ್ಲಿ ಬಹುಪಾಲು ಆ ವಾರದ ಸುದ್ದಿಯ ಜೊತೆಗೇ ಹಳತಾಗುತ್ತವೆ. ಹಳತಾಗದೆ ಉಳಿದು, ತರಗತಿಗಳಲ್ಲಿ ಪಾಠವಾಗಿ, ಹತ್ತಾರು ಭಾಷೆಗಳಿಗೆ ಹೋಗಿರುವುದು ಈ ಪುಟ್ಟ ಕಥೆ. ಹಾಗಾಗಿ ಅವರನ್ನು ತೂಗಿ ನೋಡಬೇಕಾದ್ದೂ ಇದರಲ್ಲೇ.

ಕಥೆ ನಡೆಯುವುದು 2047ರಲ್ಲಿ. ಡ್ಯಾನ್ ಹಾಲ್ಬರ್ಟ್ ಎಂಬ ಕಾಲೇಜು ಹುಡುಗನ ಹತ್ತಿರ ಲಿಸ್ಸಾ ಲೆನ್ಜ್ ಎಂಬ ಹುಡುಗಿ ಕಂಪ್ಯೂಟರ್ ಎರವಲು ಕೇಳುತ್ತಾಳೆ. ಅವಳದ್ದು ಕೆಟ್ಟಿದೆ; ಬೇರೆ ಸಿಗದಿದ್ದರೆ ಪ್ರಾಜೆಕ್ಟು ಹೋಯಿತು. ಕೊಟ್ಟರೆ ಅವಳು ಅವನ ಪುಸ್ತಕಗಳನ್ನು ಓದಿಬಿಡಬಹುದು, ಓದಿದರೆ ಅವನಿಗೆ ಜೈಲು. ಪ್ರತಿ ಪುಸ್ತಕದೊಳಗೂ ಯಾರು, ಎಲ್ಲಿ, ಯಾವಾಗ ಓದಿದರು ಎಂದು ಕೇಂದ್ರ ಪರವಾನಗಿ ಕಚೇರಿಗೆ ವರದಿ ಒಪ್ಪಿಸುವ ಕಾವಲುಗಾರ ತಂತ್ರಾಂಶವಿದೆ. ಫ್ರಾಂಕ್ ಮಾರ್ಟುಚಿ ಎಂಬ ಸಹಪಾಠಿ ಆ ಕಾವಲನ್ನು ದಾಟಲು ಡೀಬಗರ್, ಅಂದರೆ ಪ್ರೋಗ್ರಾಮಿನ ಒಳಗನ್ನು ಬಿಚ್ಚಿ ನೋಡುವ ಸಲಕರಣೆ, ಇಟ್ಟುಕೊಂಡಿದ್ದ. ಸಾಲದಲ್ಲಿ ಮುಳುಗಿದ್ದ ಗೆಳೆಯನೊಬ್ಬ ಬಹುಮಾನದ ಆಸೆಗೆ ಹಿಡಿದುಕೊಟ್ಟ. ಡ್ಯಾನ್ ಕೊನೆಗೆ ಕಂಪ್ಯೂಟರನ್ನೂ ಕೊಡುತ್ತಾನೆ, ಪಾಸ್‌ವರ್ಡನ್ನೂ ಹೇಳಿಬಿಡುತ್ತಾನೆ. ಅವಳು ಓದಿದರೂ ಓದಿದವನು ಡ್ಯಾನ್ ಎಂದೇ ಕಚೇರಿ ನಂಬಲಿ ಎಂದು. ಇಬ್ಬರೂ ಮದುವೆಯಾಗುತ್ತಾರೆ, ಚಂದ್ರಲೋಕಕ್ಕೆ ವಲಸೆ ಹೋಗುತ್ತಾರೆ, 2062ರಲ್ಲಿ ಅಲ್ಲಿ ದಂಗೆ ಏಳುತ್ತದೆ.

ಈಗ ಡ್ಯಾನ್ ಮನಸ್ಸು ಮಾಡುವ ಜಾಗವನ್ನು ನೋಡೋಣ. ಕಥೆಯ ಕೀಲು ಇರುವುದೇ ಅಲ್ಲಿ. ಕೊಡುವಂತಿಲ್ಲ ಎಂದು ಅವನ ಬುದ್ಧಿ ತೀರ್ಮಾನಿಸಿದೆ. ಆದರೂ ಇಲ್ಲವೆನ್ನಲು ಆಗುವುದಿಲ್ಲ. ಏಕೆ? ಅವಳು ಸಹಪಾಠಿ ಎಂದಲ್ಲ, ಕಷ್ಟದಲ್ಲಿದ್ದಾಳೆ ಎಂದಲ್ಲ, ಓದು ಎಲ್ಲರದ್ದು ಎಂದೂ ಅಲ್ಲ. ಅವನಿಗೆ ಅವಳ ಮೇಲೆ ಪ್ರೀತಿ. ತನ್ನನ್ನೇ ಕೇಳಿದಳೆಂದರೆ ಅವಳಿಗೂ ತನ್ನ ಮೇಲೆ ಮನಸ್ಸಿರಬಹುದು ಎಂಬ ಆಸೆ ಬೇರೆ. ನಿರೂಪಕ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ.

ಹಾಗಿದ್ದರೆ ಕೇಳಿದ್ದು ಲಿಸ್ಸಾ ಅಲ್ಲದೆ ಹಿಂದಿನ ಬೆಂಚಿನ ಯಾವನೋ ಆಗಿದ್ದರೆ? ಕಥೆಯ ತರ್ಕದಲ್ಲಿ ಅವನು ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದ. ಚಂದ್ರಲೋಕದ ದಂಗೆಯೂ ಏಳುತ್ತಿರಲಿಲ್ಲವೇನೋ. ಇದೇ ಸ್ಟಾಲ್‌ಮನ್ 1985ರ ‘ಗ್ನೂ ಮ್ಯಾನಿಫೆಸ್ಟೋ’ದಲ್ಲಿ ಹೇಳಿದ್ದೇನು? ತನಗೆ ಹಿಡಿಸಿದ ಪ್ರೋಗ್ರಾಮನ್ನು, ಅದು ಹಿಡಿಸುವ ಯಾರಿಗಾದರೂ ಹಂಚುವುದು ತನ್ನ ಕರ್ತವ್ಯ ಎಂದು. ಆ ‘ಯಾರಿಗಾದರೂ’ ಮೇಲೆಯೇ ಅವರ ಇಡೀ ನೀತಿ ನಿಂತಿದೆ. ಕೇಳುವವರ ಮುಖ ನೋಡಿ ಮಣೆ ಹಾಕುವುದನ್ನು ಅವರು ಬದುಕಿನುದ್ದಕ್ಕೂ ವಿರೋಧಿಸಿದರು. ಆ ನೀತಿಯನ್ನು ಕಥೆಯಾಗಿ ಕಟ್ಟುವ ಹೊತ್ತು ಬಂದಾಗ ಮಾತ್ರ ಹೀರೊಗೆ ಹೀರೊಯಿನ್ ಬೇಕಾಯಿತು. ಅಪರಿಚಿತನಿಗೆ ನೆರವಾಗುವ ಡ್ಯಾನ್‌ನನ್ನು ಓದುಗರು ನಂಬುವುದಿಲ್ಲ ಎಂದು ಲೇಖಕರಿಗೇ ಅನಿಸಿರಬೇಕು. ತಮ್ಮ ಸಿದ್ಧಾಂತದ ಮೇಲೆ ಅವರಿಗೇ ಇದ್ದ ಅಪನಂಬಿಕೆ ಹೊರಬಿದ್ದಿರುವುದು ಇದೊಂದು ಕಡೆ, ಮತ್ತು ಇದನ್ನು ಅವರ ಅಭಿಮಾನಿಗಳು ಗುರುತಿಸಿದಂತಿಲ್ಲ.

ಲಿಸ್ಸಾಳ ಪಾಡು ಇನ್ನೂ ವಿಚಿತ್ರ. ಇಡೀ ಕಥೆಯಲ್ಲಿ ಅವಳ ಬಾಯಿಂದ ಒಂದು ಮಾತು ಬರುವುದಿಲ್ಲ. ಕೇಳಿದಳು ಎಂದು ನಿರೂಪಕ ವರದಿ ಮಾಡುತ್ತಾನೆ. ಹಿಡಿದುಕೊಡಲಿಲ್ಲ ಎಂದು ವರದಿ ಮಾಡುತ್ತಾನೆ. ಮದುವೆಯಾದರು ಎಂದೂ ವರದಿಯೇ. ಟ್ಯೂಷನ್ ಫೀಸಿಗೇ ಹೆಣಗುವ ಮನೆಯ ಆ ಹುಡುಗಿ, ಬೇರೆಯವರ ಪಾಸ್‌ವರ್ಡ್ ಕೈಯಲ್ಲಿ ಹಿಡಿದು ಆ ರಾತ್ರಿ ಏನು ಓದಿದಳು? ಓದಿದಳೋ ಇಲ್ಲವೋ? ಓದುವ ಹಕ್ಕಿನ ಕಥೆಯಲ್ಲಿ ಓದಬೇಕಾದವಳು ಓದುವುದನ್ನೇ ನಾವು ಕಾಣುವುದಿಲ್ಲ. ನಮಗೆ ಕಾಣುವುದು ಕೊಡುವವನ ಸಂಕಟ ಮಾತ್ರ. ಇದು ಸ್ಟಾಲ್‌ಮನ್ ಅವರ ಬೇರೆ ಬರಹಗಳಿಗೂ ಒಪ್ಪುವ ಮಾತು: ಅವರ ಕಣ್ಣು ಯಾವಾಗಲೂ ಪ್ರೋಗ್ರಾಮ್ ಬರೆಯಬಲ್ಲವನ ಮೇಲೆ.

ಪಾಸ್‌ವರ್ಡ್ ಮಾತ್ರ ಅನುಭವದಿಂದ ಬಂದದ್ದು. 1970ರ ದಶಕದಲ್ಲಿ ಎಂಐಟಿಯ ಕಂಪ್ಯೂಟರ್ ಪ್ರಯೋಗಾಲಯ ಪಾಸ್‌ವರ್ಡ್ ಪದ್ಧತಿ ತಂದಾಗ ಸ್ಟಾಲ್‌ಮನ್ ಅವುಗಳ ಗೂಢಲಿಪಿ ಬಿಡಿಸಿ, ನಿಮ್ಮ ಪಾಸ್‌ವರ್ಡ್ ಇದು, ಇದರ ಬದಲು ಖಾಲಿ ಬಿಟ್ಟರೆ ಅನುಕೂಲ ಎಂದು ಬಳಕೆದಾರರಿಗೆ ಸಂದೇಶ ಕಳಿಸಿದ್ದರು. ಕಥೆಯಲ್ಲೂ ಯಂತ್ರ ಸೋಲುವುದು ಇನ್ನೊಂದು ಯಂತ್ರದ ಕೈಯಲ್ಲಲ್ಲ. ಡೀಬಗರ್ ಇಟ್ಟುಕೊಂಡವನು ಜೈಲಿನಲ್ಲಿದ್ದಾನೆ, ಪಾಸ್‌ವರ್ಡ್ ಹೇಳಿದವನು ಹೊರಗಿದ್ದಾನೆ. ಇದು ನಿಜಕ್ಕೂ ಒಳ್ಳೆಯ ಕಲ್ಪನೆ.

ಇಲ್ಲಿ ಇನ್ನೊಂದು ಗುಂಪಿನ ಜೊತೆ ಜಗಳ ಆಡದೆ ಮುಂದೆ ಹೋಗುವಂತಿಲ್ಲ. ಇದು ಕಥೆಯೇ ಅಲ್ಲ, ಕರಪತ್ರ; ಇದಕ್ಕೆ ವಿಮರ್ಶೆ ಏಕೆ ಎನ್ನುವವರ ಗುಂಪು. ಕನ್ನಡದವರಿಗೆ ಈ ರಾಗ ಹೊಸದಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ನವ್ಯದ ಗರಡಿಯಲ್ಲಿ ಪಳಗಿದ ವಿಮರ್ಶಕರು ಇದನ್ನೇ ಹಾಡಿದರು: ಘೋಷಣೆ ಸಾಹಿತ್ಯವಲ್ಲ. ಆ ವಾದದಲ್ಲಿ ಗೆದ್ದವರು ಯಾರು ಎನ್ನುವುದು ಹಾಗಿರಲಿ. ಅದು ವಿಮರ್ಶಕರಿಗೆ ಕೊಟ್ಟ ಅನುಕೂಲ ನೋಡಿ. ಕರಪತ್ರ ಎಂದು ಒಮ್ಮೆ ಹಣೆಪಟ್ಟಿ ಹಚ್ಚಿದರೆ ಓದುವ ಶ್ರಮ ಉಳಿಯಿತು. ನನ್ನ ವಾದ ತಿರುವುಮುರುವು. ಕರಪತ್ರವೆಂದು ಒಪ್ಪಿಕೊಂಡರೆ ಈ ಕಥೆಗೆ ಇನ್ನಷ್ಟು ಕಷ್ಟ. ನವ್ಯದ ಸಣ್ಣಕಥೆಯ ನಾಯಕ ತಾನು ಮಾಡಿದ್ದೇಕೆಂದು ತಿಳಿಯದೆ ಒದ್ದಾಡಬಹುದು, ಅದು ಅಲ್ಲಿ ಗುಣ. ಕರಪತ್ರಕ್ಕೆ ಆ ಸವಲತ್ತಿಲ್ಲ. ಹಂಚುವುದು ಸರಿ ಎಂದು ಒಪ್ಪಿಸಲು ಹೊರಟ ಬರಹ, ಹಂಚಿದವನು ಪ್ರೇಮದ ಅಮಲಿನಲ್ಲಿದ್ದ ಎಂದರೆ ಎದುರು ಪಕ್ಷದ ವಕೀಲನಿಗೆ ಕೆಲಸವೇ ಉಳಿಯುವುದಿಲ್ಲ. ಕಥೆಯನ್ನು ಕಲೆಯೆಂದು ಹೊಗಳುವವರೂ ಕರಪತ್ರವೆಂದು ತೆಗಳುವವರೂ ಆ ವಾಕ್ಯಗಳನ್ನು ಓದದೆಯೇ ತಂತಮ್ಮ ಕುರ್ಚಿ ಹಿಡಿದಿದ್ದಾರೆ.

ಕಟ್ಟೋಣದಲ್ಲೂ ಎಡವಟ್ಟಿದೆ. ಚಂದ್ರಲೋಕದ ಕ್ರಾಂತಿಯ ಪೂರ್ವಚರಿತ್ರೆ ಕುರಿತು 2096ರಲ್ಲಿ ಪ್ರಕಟವಾದ ಲೇಖನಗಳ ಸಂಗ್ರಹದಿಂದ ಆಯ್ದದ್ದು ಎಂಬ ವೇಷ ಈ ಕಥೆಗೆ. ಚರಿತ್ರೆಕಾರನಿಗೆ ಡ್ಯಾನ್ ಎದೆಯೊಳಗಿನ ಪುಳಕ ಗೊತ್ತಾದದ್ದು ಹೇಗೆ? ಹಲವು ಕಡೆ, ಹಳೆಯ ಕಾಲದ ಸಂಗತಿ ಹೇಳಬೇಕಾದಾಗ, ಡ್ಯಾನ್ ಇದನ್ನು ಮುಂದೆಂದೋ ತಿಳಿದುಕೊಳ್ಳಲಿದ್ದ ಎಂದು ನಿರೂಪಕ ನಡುವೆ ಬಾಯಿ ಹಾಕುತ್ತಾನೆ. ಅಲ್ಲಿ ಮಾತಾಡುತ್ತಿರುವುದು 2096ರ ಚರಿತ್ರೆಕಾರನಲ್ಲ, 1997ರ ಪ್ರಬಂಧಕಾರ.

ಇನ್ನು ಕಣಿಯ ಲೆಕ್ಕ. ಕಥೆಯ ಪರವಾಗಿ ಒಂದು ಮಾತನ್ನು ಒಪ್ಪಲೇಬೇಕು. ಅಮೆರಿಕ 1998ರಲ್ಲಿ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯಿದೆ ತಂದು ಡಿಜಿಟಲ್ ಬೀಗ ಮುರಿಯುವ ಸಲಕರಣೆಯನ್ನೇ ನಿಷೇಧಿಸಿತು. 2001ರ ಜುಲೈನಲ್ಲಿ ರಷ್ಯಾದ ಪ್ರೋಗ್ರಾಮರ್ ದಿಮಿತ್ರಿ ಸ್ಕ್ಲ್ಯಾರೊವ್ ಲಾಸ್ ವೇಗಸ್‌ನಲ್ಲಿ ಸೆರೆಯಾದದ್ದು ಕದ್ದು ಓದಿದ್ದಕ್ಕಲ್ಲ, ಅಡೋಬಿ ಇ-ಪುಸ್ತಕಗಳ ಬೀಗ ತೆಗೆಯುವ ಪ್ರೋಗ್ರಾಮ್ ಬರೆದಿದ್ದಕ್ಕೆ. ಫ್ರಾಂಕ್ ಮಾರ್ಟುಚಿಯ ಕಥೆಯೇ ಇದು. ಕಿಂಡಲ್ ಬಿಟ್ಟು ಇದನ್ನು ಉದಾಹರಿಸಿದ್ದರೆ ಅಭಿಮಾನಿಗಳ ವಾದಕ್ಕೆ ಬೆನ್ನೆಲುಬು ಇರುತ್ತಿತ್ತು. ಆದರೆ 2002ರ ಡಿಸೆಂಬರ್‌ನಲ್ಲಿ ಜ್ಯೂರಿ ಆತನ ಕಂಪನಿಯನ್ನು ಖುಲಾಸೆ ಮಾಡಿತು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದಾದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇರಬೇಕು ಎನ್ನುತ್ತದೆ.

ಸ್ಟಾಲ್‌ಮನ್ ಕಲ್ಪಿಸಿದ್ದು ಪೊಲೀಸನನ್ನು, ಬಂದವನು ವ್ಯಾಪಾರಿ. ಕಥೆಯ ಲೋಕದಲ್ಲಿ ಆ ಕಾವಲು ಯಂತ್ರವನ್ನು ಇಷ್ಟಪಡುವವರು ಒಬ್ಬರೂ ಇಲ್ಲ. ಎಲ್ಲರೂ ಹೆದರಿಕೆಯಿಂದ ಬಗ್ಗಿದ್ದಾರೆ. ನಾವು ಬಗ್ಗಿದ್ದು ಹೆದರಿಕೆಗಲ್ಲ, ಆರಾಮಕ್ಕೆ. ಅಲ್ಲಿ ಜಾಹೀರಾತಿಲ್ಲ, ರಿಯಾಯಿತಿಯಿಲ್ಲ, ಮೊದಲ ತಿಂಗಳು ಉಚಿತ ಎನ್ನುವವರಿಲ್ಲ. ‘1984’ ಅಳಿಸಿದ ಅಮೆಜಾನ್ ಹಣ ವಾಪಸು ಕೊಟ್ಟಿತು, ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು, ಗ್ರಾಹಕರು ಮತ್ತೆ ಕಿಂಡಲ್ ಕೊಂಡರು. ಕ್ಷಮೆ ಕೇಳುವ ಒಡೆಯನನ್ನು ಕಥೆ ಊಹಿಸಲಿಲ್ಲ. ಪಾಸ್‌ವರ್ಡಿನ ವಿಷಯ ಇನ್ನೂ ಮೋಜಿನದು. ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂದು 2017ರಲ್ಲಿ ಟ್ವೀಟ್ ಮಾಡಿದ್ದು ನೆಟ್‌ಫ್ಲಿಕ್ಸ್. ಡ್ಯಾನ್‌ನ ಮಹಾಪರಾಧ ಕಂಪನಿಯ ಜಾಹೀರಾತಾಯಿತು. 2023ರಲ್ಲಿ ಅದೇ ಕಂಪನಿ ಮನೆಯಾಚೆಯವರು ಪಾಸ್‌ವರ್ಡ್ ಬಳಸಕೂಡದೆಂದು ಕಟ್ಟುನಿಟ್ಟು ಮಾಡಿತು. ಆ ಜುಲೈನಲ್ಲಿ ಭಾರತದಲ್ಲೂ. ಯಾರೂ ಜೈಲಿಗೆ ಹೋಗಲಿಲ್ಲ. ಬೇರೆ ಖಾತೆ ತೆಗೆದರು.

ಕೆಲವು ಕಡೆ ನಮ್ಮ ಲೋಕ ಕಥೆಗಿಂತ ಕ್ರೂರ. ಡ್ಯಾನ್ ಸಂಶೋಧನಾ ಲೇಖನ ಓದಲು ಕಟ್ಟುವ ಹಣದಲ್ಲಿ ಶೇ 10ರಷ್ಟು ಅದನ್ನು ಬರೆದವರಿಗೆ ಸೇರುತ್ತದೆ. ಅದರಿಂದ ಮುಂದೆ ಸಾಲ ತೀರಿಸುವ ಆಸೆ ಅವನದ್ದು. ಇಂದಿನ ನಿಯತಕಾಲಿಕಗಳು ಸಂಶೋಧಕರಿಗೆ ಕೊಡುವ ಪಾಲು ಸೊನ್ನೆ. ಓದುಗರಿಗೆ ಉಚಿತವಾಗಿ ತೆರೆದಿಡಬೇಕೆಂದರೆ ಎಷ್ಟೋ ಪತ್ರಿಕೆಗಳಿಗೆ ಬರೆದವರೇ ಹಣ ಕಟ್ಟಬೇಕು. ಸುಮಾರು 13,000 ನಿಯತಕಾಲಿಕಗಳನ್ನು ನಮ್ಮ ವಿದ್ಯಾರ್ಥಿಗಳಿಗೆ ಓದಿಸಲು ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಓದುವ ಶುಲ್ಕವನ್ನು ಡ್ಯಾನ್ ಸಾಲ ಮಾಡಿ ಕಟ್ಟಿದ, ನಾವು ತೆರಿಗೆಯಲ್ಲಿ ಕಟ್ಟುತ್ತೇವೆ. ಇದನ್ನು ಕಣಿಯೆನ್ನುವುದಾದರೆ ಅದು ತೀರಾ ಮೃದುವಾದ ಕಣಿ.

ಯಾರೂ ಉದ್ಧರಿಸದ ಒಂದು ಪ್ಯಾರಾ ಇದೆ. ನನ್ನ ಮಟ್ಟಿಗೆ ಕಥೆಯ ಜೀವ ಅದು. ಪಾಸ್‌ವರ್ಡ್ ಕೊಟ್ಟದ್ದು ಕಾಲೇಜಿಗೆ ತಿಳಿದರೆ ಇಬ್ಬರ ಓದೂ ಮುಗಿಯಿತು, ಲಿಸ್ಸಾ ಆ ಕಂಪ್ಯೂಟರಿನಲ್ಲಿ ಏನೇ ಮಾಡಿರಲಿ. ಅಲ್ಲಿ ಹಾನಿ ಮಾಡಿದ್ದು ಅಪರಾಧವಲ್ಲ, ಮೇಲಿನವರು ಇಣುಕಿ ನೋಡುವುದಕ್ಕೆ ಅಡ್ಡ ಬಂದದ್ದೇ ಅಪರಾಧ. ನೇರವಾಗಿ ಹೊರಹಾಕುವುದೂ ಇಲ್ಲ. ಕಾಲೇಜಿನ ಕಂಪ್ಯೂಟರ್ ಮುಟ್ಟದಂತೆ ಮಾಡಿದರೆ ಸಾಕು, ವಿದ್ಯಾರ್ಥಿ ತಾನಾಗಿಯೇ ನಪಾಸಾಗುತ್ತಾನೆ. ಇಲ್ಲಿ ಎಫ್‌ಬಿಐ ಇಲ್ಲ, ಚಂದ್ರಲೋಕವಿಲ್ಲ. ಇರುವುದು ಕಾಲೇಜಿನ ನಿಯಮಾವಳಿ. ಕೊರೊನಾ ಕಾಲದಲ್ಲಿ ಮನೆಯಿಂದ ಪರೀಕ್ಷೆ ಬರೆದವರಿಗೆ ಇದು ಗೊತ್ತು: ಕ್ಯಾಮೆರಾದಿಂದ ಕಣ್ಣು ಆಚೀಚೆ ಹೊರಳಿದರೆ ನಿಗಾ ತಂತ್ರಾಂಶ ಅನುಮಾನದ ಗುರುತು ಹಾಕುತ್ತಿತ್ತು. ಕ್ಯಾಂಪಸ್ಸಿನ ಬಗ್ಗೆ ಬರೆಯುವಾಗ ಸ್ಟಾಲ್‌ಮನ್ ನೂರಕ್ಕೆ ನೂರು ಸರಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಆವರಣದಲ್ಲಿದ್ದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶಕರು ದಾವೆ ಹೂಡಿದಾಗ ಕೋರ್ಟಿನ ಕಟ್ಟೆ ಹತ್ತಿದ್ದೂ ಇಂಥದೇ ವಿಷಯ, ಪಠ್ಯದ ಕೆಲವು ಪುಟಗಳ ಪ್ರತಿ. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು, ಮರುವರ್ಷ ಪ್ರಕಾಶಕರು ದಾವೆ ಹಿಂದೆಗೆದುಕೊಂಡರು. ಆ ತೀರ್ಪಿನಿಂದ ಓದಿದವರು ಪರಸ್ಪರ ಪ್ರೀತಿಸಬೇಕಾದ ಅಗತ್ಯ ಬೀಳಲಿಲ್ಲ.

ಕಥೆಯ ಬಾಲಕ್ಕೆ ಲೇಖಕರ ಟಿಪ್ಪಣಿಯೊಂದು ಅಂಟಿಕೊಂಡಿದೆ. 1997ರಿಂದೀಚೆಗೆ ಸ್ಟಾಲ್‌ಮನ್ ಅದನ್ನು ಮತ್ತೆ ಮತ್ತೆ ತಿದ್ದಿದ್ದಾರೆ. ಹೊಸ ಕಾಯಿದೆ ಬಂದಾಗ ಒಂದು ಪ್ಯಾರಾ, ಮೈಕ್ರೋಸಾಫ್ಟ್ ಏನೋ ಮಾಡಿದಾಗ ಇನ್ನೊಂದು. ಟಿಪ್ಪಣಿ ಈಗ ಕಥೆಯ ಜೊತೆ ಪೈಪೋಟಿಗೆ ಬೀಳುವಷ್ಟು ಬೆಳೆದಿದೆ. ನಾನು ಹೇಳಿದ್ದು ನಿಜವಾಯಿತು ನೋಡಿ ಎಂದು ಲೇಖಕರೇ ಹಾಜರಿ ಪುಸ್ತಕ ಇಟ್ಟುಕೊಂಡು ಕೂತರೆ ಓದುಗರು ಕಥೆಯನ್ನು ಕಣಿಯೆಂದು ಓದದೆ ಇನ್ನೇನು ಮಾಡುತ್ತಾರೆ? ಪಾಠ ಹೇಳುವ ಮೇಷ್ಟ್ರುಗಳು ಟಿಪ್ಪಣಿ ಬಿಟ್ಟು ಆ ನಿಯಮಾವಳಿಯ ಪ್ಯಾರಾವನ್ನು ಓದಿಸಲಿ.

ಟಿಪ್ಪಣಿಯನ್ನು ಇಷ್ಟು ಸಲ ತಿದ್ದಿದವರು ಕಥೆಯ ಆ ಕೀಲನ್ನು ಮುಟ್ಟಿಲ್ಲ. ಬೇರೆಯವರೂ ಮುಟ್ಟುವಂತಿಲ್ಲ. ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದು, ಅಭಿಪ್ರಾಯದ ಬರಹವನ್ನು ಇದ್ದಂತೆಯೇ ಹಂಚಬೇಕು ಎನ್ನುವುದು ಸ್ಟಾಲ್‌ಮನ್ ಅವರ ನಿಲುವು. ಈ ಕಥೆಗೂ ಅವರು ಕೊಟ್ಟಿರುವುದು ಕ್ರಿಯೇಟಿವ್ ಕಾಮನ್ಸ್‌ನ ‘ನೋ ಡೆರಿವೇಟಿವ್ಸ್’ ಪರವಾನಗಿ. ಎಷ್ಟು ಪ್ರತಿ ಬೇಕಾದರೂ ಮಾಡಿ ಹಂಚಬಹುದು. ಲಿಸ್ಸಾಳಿಗೆ ನಾಲ್ಕು ಮಾತು ಸೇರಿಸಿ ಪ್ರಕಟಿಸಬೇಕೆಂದರೆ ಅವರ ಅಪ್ಪಣೆ ಬೇಕು.