ನಗರದಾಚೆಯ ಸದ್ದು

2020ರ ಮೇ 20ರ ಮಧ್ಯಾಹ್ನ ಭಾರೀ ಸದ್ದೊಂದಕ್ಕೆ ಬೆಂಗಳೂರಿನ ಕಿಟಕಿಗಳು ಅದುರಿದವು. ಭೂಕಂಪವಲ್ಲ ಎಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಿವರಣೆ ಬಂತು: ಶಬ್ದವನ್ನು ಮೀರಿದ ವೇಗದಲ್ಲಿದ್ದ ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ತಗ್ಗಿಸುವಾಗ ಎದ್ದ ಸದ್ದಿರಬಹುದು, ಹಾರಿದ್ದು ನಗರದ ಗಡಿಯಿಂದ ಬಹಳ ಆಚೆ.

ಈ ‘ಆಚೆ’ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಂದು ವಿಮಾನ ನಮ್ಮ ಕೋಲಾರ ಜಿಲ್ಲೆಯ ಮೇಲೇ ಹಾರಿತೆಂದು ಹೇಳುತ್ತಿಲ್ಲ. ಆದರೆ ನಗರದಾಚೆ ಇರುವುದು ಬರೀ ಬಯಲೇ? ಮಾಲೂರು, ಕೋಲಾರ, ಮಾವಿನ ತೋಪುಗಳ ಶ್ರೀನಿವಾಸಪುರ ಎಲ್ಲವೂ ಅಲ್ಲೇ ಇವೆ.

ಯುದ್ಧವಿಮಾನದ ಮಾತು ಬೇರೆ, ದೇಶಕ್ಕೆ ಬೇಕು. ಪ್ರಯಾಣಿಕರ ವಿಮಾನಕ್ಕೆ ಆ ರಿಯಾಯಿತಿ ಯಾಕೆ? 1964ರಲ್ಲಿ ಅಮೆರಿಕದ ಒಕ್ಲಹೋಮ ನಗರದ ಜನರ ಮೇಲೆ ಆರು ತಿಂಗಳಲ್ಲಿ 1,253 ಬಾರಿ ಈ ಸದ್ದು ಹಾಕಿ ಪರೀಕ್ಷಿಸಿದರು. ಜನ ಒಗ್ಗಲಿಲ್ಲ. 1973ರಲ್ಲಿ ಅಲ್ಲಿ ನೆಲದ ಮೇಲೆ ಅಂಥ ನಾಗರಿಕ ಹಾರಾಟಕ್ಕೆ ನಿಷೇಧ ಬಂತು. ಶಬ್ದವನ್ನು ಮೀರಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಕಾಂಕಾರ್ಡ್‌ಗೆ ಭಾರತವೂ ತನ್ನ ನೆಲದ ಮೇಲೆ ಆ ವೇಗ ಕೊಡಲಿಲ್ಲ; ಬಹ್ರೇನ್ ಮೂಲಕ ಸಿಂಗಪುರಕ್ಕೆ ಹೋಗುತ್ತಿದ್ದ ಅದರ ಹಾರಾಟ 1980ರಲ್ಲಿ ನಿಂತಿತು. ಭಾರತದ ಆ ನಿರಾಕರಣೆ ಒಳ್ಳೆಯ ನಿರ್ಧಾರವೇ.

ಶಬ್ದವೇಗ ದಾಟುವ ಗಳಿಗೆಯಲ್ಲಿ ಒಮ್ಮೆ ‘ಢಂ’ ಎಂದು ಮುಗಿಯುತ್ತದೆ ಎಂಬ ನಂಬಿಕೆ ತಪ್ಪು. ಆ ವೇಗದಲ್ಲಿ ಇರುವಷ್ಟೂ ಹೊತ್ತು ವಿಮಾನ ಸದ್ದನ್ನು ಸೆರಗಿನಂತೆ ನೆಲದ ಮೇಲೆ ಎಳೆದುಕೊಂಡೇ ಹೋಗುತ್ತದೆ. 50,000 ಅಡಿ ಎತ್ತರದಲ್ಲಿ ಆ ಸೆರಗಿನ ಅಗಲ ಸುಮಾರು 80 ಕಿ.ಮೀ. ಕೋಲಾರದ ನೆತ್ತಿಯ ಮೇಲೆ ಹೋದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೂರೂ ಅದರಡಿ ಬಂದವು. ನೆಲ ನಡುಗುವುದು ಈ ಸೀಮೆಗೆ ಹೊಸತಲ್ಲ. ಕೋಲಾರದ ಚಿನ್ನದ ಗಣಿಯಾಳದಲ್ಲಿ ಬಂಡೆ ಸಿಡಿದರೆ ಅದನ್ನು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಇನ್ನು ಮೇಲಿನಿಂದ ಬೇರೆ ಬೇಕೆ?

2025ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹಳೆಯ ನಿಷೇಧ ತೆಗೆದು ಸದ್ದಿನ ಮಿತಿ ಗೊತ್ತುಮಾಡಲು ಆದೇಶಿಸಿದರು. ಅದೇ ವರ್ಷದ ಜನವರಿಯಲ್ಲಿ ಎಕ್ಸ್‌ಬಿ-1 ಎಂಬ ಪುಟ್ಟ ವಿಮಾನ ಶಬ್ದವನ್ನು ಮೀರಿ ಹಾರಿದರೂ ನೆಲಕ್ಕೆ ಸದ್ದು ಕೇಳಿಸಿರಲಿಲ್ಲ. ವೇಗವನ್ನಲ್ಲ, ಸದ್ದನ್ನು ಅಳೆಯಬೇಕೆಂಬ ವಾದ ನನಗೂ ಒಪ್ಪಿಗೆ. 1973ರ ನಿಯಮ ಮೊಂಡು. ಆದರೆ ಎಕ್ಸ್‌ಬಿ-1ರ ಉಪಾಯ ಹವೆಯನ್ನು ನಂಬಿದ್ದು: ನೆಲದ ಹತ್ತಿರದ ಬಿಸಿಗಾಳಿಯಲ್ಲಿ ಸದ್ದು ಮೇಲಕ್ಕೆ ಬಾಗಬೇಕು. ಎಷ್ಟು ಸದ್ದು ಸಹ್ಯ ಎಂದು ನಾಸಾ ಕೇಳಹೊರಟಿರುವುದೂ ಅಮೆರಿಕದ ಊರುಗಳವರನ್ನೇ. ಅಲ್ಲಿನ ಮುಚ್ಚಿದ ಕಿಟಕಿಯ ಮನೆಯ ಲೆಕ್ಕ, ಬೇಸಿಗೆಯಲ್ಲಿ ಬಾಗಿಲು ತೆರೆದು ಮಲಗುವ ನಮಗೆ ಹೊಂದುವುದಿಲ್ಲ.

ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಮುಂದೆ ಇಂಥ ಹಾರಾಟದ ಅರ್ಜಿ ಬಂದ ದಿನ, ಸದ್ದಿನ ಮಾಪಕವೊಂದನ್ನು ಮಾಲೂರಿನ ಹೆಂಚಿನ ಮನೆಯೊಳಗೂ ಇಡಲಿ.